ಮುಟ್ಟಬೇಡಿ ಎಂದವರಿಗೆ

“ಮೇಡಂ, ಕಂಪ್ಯೂಟರ್ ಮುಟ್ಟಬೇಡಿ, ಹುಡುಗ ಬರ್ತಾನೆ.” ಶಾಲೆಯಲ್ಲಿ ಇಂಟರ್ನೆಟ್ ನಿಂತಾಗಲೆಲ್ಲ ಇದೇ ಮಾತು. ಮೂರು ದಿನವಾದರೂ ಹುಡುಗನ ಸುಳಿವಿಲ್ಲ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ನಾನೇ ವಿಂಡೋಸ್‌ನ ಕಪ್ಪು ಪರದೆ ತೆರೆದು ‘ಐಪಿಕಾನ್‌ಫಿಗ್’ ಎಂದು ಟೈಪ್ ಮಾಡಿದೆ. 169.254ರಿಂದ ಶುರುವಾಗುವ ವಿಳಾಸ ಕಂಡಿತು. ಎಂದರೆ ರೂಟರಿನಿಂದ ವಿಳಾಸ ಸಿಗದೆ, ಕಂಪ್ಯೂಟರು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ. ಹುಡುಕಿದರೆ ರೂಟರಿನಿಂದ ಸ್ವಿಚ್ಚಿಗೆ ಬರುವ ಕೇಬಲ್ ಸಡಿಲ! ಒತ್ತಿ ಕೂರಿಸಿ, ಅದೇ ಪದದ ಮುಂದೆ ಓರೆಗೆರೆ ಹಾಕಿ ‘ರಿನ್ಯೂ’ ಸೇರಿಸಿದೆ. 192.168ರ ವಿಳಾಸ ಬಂತು, ಅರ್ಜಿಗಳೂ ಹೋದವು.

‘ಮುಟ್ಟಬೇಡಿ’ ಎನ್ನುವುದು ಹೆಂಗಸರಿಗೆ ಹೊಸ ಮಾತೇನಲ್ಲ. ಆದರೆ ಯಂತ್ರಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ; ಕೇಳಿದವರಿಗೆ ಉತ್ತರ ಕೊಡುತ್ತದೆ. ತಪ್ಪು ತಡೆದವರದಷ್ಟೇ ಅಲ್ಲ, ‘ನಮಗೇಕೆ’ ಎಂದು ಕೈಕಟ್ಟಿ ಕುಳಿತ ನಮ್ಮದೂ ಹೌದು.