ಪುಡಿ ಬದಲಾದೀತು, ಕಟ್ಟಿಗೆ ಬದಲಾಗದು



ಕಳೆದ ತಿಂಗಳು ಕಮಲಾಪುರದಿಂದ ಸೋದರಿಯೊಬ್ಬರ ಕಾಗದ ಬಂದಿತ್ತು. ಅವರ ಹನ್ನೊಂದು ವರ್ಷದ ಮಗಳಿಗೆ ತಬಲಾ ಹುಚ್ಚು. ವಾರಕ್ಕೆ ಎರಡು ದಿನ ಗುರುಗಳ ಮನೆಯಲ್ಲಿ ಪಾಠ. ಉಳಿದ ದಿನ ಅಡುಗೆಮನೆಯ ಡಬ್ಬಿಗಳ ಮೇಲೆ ಅಭ್ಯಾಸ! ಯಜಮಾನರದು ಒಂದೇ ಮಾತು: "ಹೆಣ್ಹುಡುಗಿಗ್ಯಾಕ ತಬಲಾ? ಹಾಡು ಕಲಿಲಿ, ಸಾಕು." ಈ ತಾಯಿ ರವಿಕೆ ಹೊಲಿದು 4,000 ರೂಪಾಯಿ ಕೂಡಿಟ್ಟಿದ್ದಾರೆ. ಅಷ್ಟರಲ್ಲಿ ಒಳ್ಳೆಯ ಹೊಸ ಜೋಡಿ ಸಿಕ್ಕುವುದು ಕಷ್ಟ. "ಹಳೇದು ತಗೋಬೇಕಂದ್ರ ನನಗೇನೂ ತಿಳಿಯಲ್ರಿ ಅಕ್ಕಾರ. ಈ ರೊಕ್ಕ ಹಾಳಾದ್ರ ಮತ್ತ ಕೇಳ್ಲಾಕ ನನಗ ಬಾಯಿ ಇರಲ್ರಿ" ಎಂದು ಬರೆದಿದ್ದರು.

ಮೊದಲು ಯಜಮಾನರ ಮಾತಿಗೆ ಉತ್ತರ. ಮುಂಬಯಿಯ ಆಬಾನ್ ಮಿಸ್ತ್ರಿ (1940–2012) ಹೆಣ್ಣುಮಗಳೇ. ವೇದಿಕೆಯ ಮೇಲೆ ಒಬ್ಬರೇ ಕುಳಿತು ತಬಲಾ ನುಡಿಸಿದರು, ತಬಲಾ–ಪಖಾವಜ್ ಘರಾಣೆಗಳ ಮೇಲೆ ಗ್ರಂಥವನ್ನೂ ಬರೆದರು. ಅನುರಾಧಾ ಪಾಲ್ ಅವರು ಉಸ್ತಾದ್ ಅಲ್ಲಾರಖಾ ಮತ್ತು ಜಾಕಿರ್ ಹುಸೇನ್ ಅವರ ಶಿಷ್ಯೆ. ಹುಡುಗಿಯ ಬೆರಳು, ಹುಡುಗನ ಬೆರಳು ಎಂಬ ಭೇದ ತಬಲಾಕ್ಕೆ ಗೊತ್ತಿಲ್ಲ.

ಇನ್ನು ಕೊಳ್ಳುವ ಮಾತು. ಹಿಂದೊಮ್ಮೆ ಕಲಬುರಗಿಯ ಅಂಗಡಿಯೊಂದರಲ್ಲಿ ನಾನೇ ಮೋಸ ಹೋದವಳು. ಹೆಸರು ಬೇಡ ಬಿಡಿ. ಮಿರಿಮಿರಿ ಮಿಂಚುವ ಬಣ್ಣ, ಬೆಳ್ಳನೆಯ ಹೊಸ ಪುಡಿ. (ತೊಗಲಿನ ಮುಚ್ಚಿಗೆಗೆ ಈ ಕಡೆ ಪುಡಿ ಎನ್ನುತ್ತಾರೆ, ಸಾರಿನ ಪುಡಿಯಲ್ಲ!) ಮನೆಗೆ ತಂದ ಮೊದಲ ಬೇಸಿಗೆಯಲ್ಲೇ ಕಟ್ಟಿಗೆ ಉದ್ದಕ್ಕೂ ಬಿರಿಯಿತು. ನೋಡಿದರೆ, ಹಳೆಯ ಬಿರುಕಿಗೆ ಲಪ್ಪ ಮೆತ್ತಿ ಬಣ್ಣ ಬಳಿದಿದ್ದರು. ಅಂದು ಕಲಿತ ಪಾಠ ಇದು: ಪುಡಿ ಹರಿದರೆ ಹೊಸದು ಹಾಕಿಸಬಹುದು, ವಾದಿ ಕಡಿದರೆ ಬೇರೆ ಕಟ್ಟಿಸಬಹುದು. ಕಟ್ಟಿಗೆ ಕೆಟ್ಟಿದ್ದರೆ ಅದಕ್ಕೆ ಮದ್ದಿಲ್ಲ. ಆದ್ದರಿಂದ ಹಳೆಯ ತಬಲಾ ಕೊಳ್ಳುವಾಗ ಕಣ್ಣು ಮೇಲಿನ ತೊಗಲಿನ ಮೇಲಲ್ಲ, ಕೆಳಗಿನ ಕಟ್ಟಿಗೆಯ ಮೇಲಿರಲಿ.

ಪರೀಕ್ಷೆ ಮಾಡುವುದು ಹೇಗೆ? ನಮ್ಮ ಅಡುಗೆಮನೆಯ ಜಾಣತನವೇ ಸಾಕು.

ಎತ್ತಿ ನೋಡಿ. ತಬಲಾ, ಅಂದರೆ ಬಲಗೈಯದು, ಕೈಗೆ ಭಾರ ಹತ್ತಬೇಕು. ಶೀಶಂ ಕಟ್ಟಿಗೆ ತೂಕವಾದದ್ದು, ಮಾವಿನದು ಹಗುರ. ಬಿಳಿ ಬಟ್ಟೆಯ ಮೇಲೆ ಹಿಡಿದು ಮೆಲ್ಲಗೆ ತಟ್ಟಿ. ಜೋಳದ ನುಸಿಯಂತೆ ಸಣ್ಣ ಹುಡಿ ಉದುರಿದರೆ ಒಳಗೆ ಹುಳು ಹತ್ತಿದೆ, ಬೇಡ. ತಳ ಮತ್ತು ಮೈಯನ್ನು ಬಿಸಿಲಿಗೆ ಹಿಡಿದು ನೋಡಿ. ಒಂದೇ ಕಡೆ ಬಣ್ಣ ದಪ್ಪಗಿದ್ದರೆ ಸಂಶಯಪಡಿ. ಹೊಲಿಗೆಯ ಟೇಪಿನಿಂದ ಬಾಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಎರಡೂ ಒಂದೇ ಬರಬೇಕು. ಬಾಯಿ ಸಣ್ಣದಾದಷ್ಟೂ ಸ್ವರ ಏರು. ಹಾರ್ಮೋನಿಯಂನ ಕರಿ ಒಂದಕ್ಕೆ ಸಾಮಾನ್ಯವಾಗಿ ಐದೂವರೆ ಇಂಚಿನ ಬಾಯಿ ಹೊಂದುತ್ತದೆ. ಯಾವ ಅಳತೆ ಬೇಕೆಂದು ಗುರುಗಳನ್ನು ಕೇಳಿಯೇ ಹೊರಡಿ.

ನಡುವಿನ ಕಪ್ಪು ವೃತ್ತ ಶಾಯಿ. ಅದರಲ್ಲಿ ಕೂದಲೆಳೆಯಂಥ ಗೆರೆಗಳಿದ್ದರೆ ಗಾಬರಿ ಬೇಡ, ಅವು ಇರಲೇಬೇಕು. ಚಕ್ಕೆ ಎದ್ದಿದ್ದರೆ, ಬಾರಿಸಿದಾಗ ಗರಗರ ಎಂದರೆ ಮಾತ್ರ ಹೊಸ ಪುಡಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಡಗ್ಗಾದ ಶಾಯಿ ನಡುವೆ ಇರದೆ ಒಂದು ಬದಿಗಿರುವುದು ದೋಷವಲ್ಲ, ಅದರ ರೀತಿಯೇ ಹಾಗೆ. ಡಗ್ಗಾಕ್ಕೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಕಬ್ಬಿಣ. ಹಿತ್ತಾಳೆ, ತಾಮ್ರಕ್ಕೆ ಅಂಟುವುದಿಲ್ಲ. ಅಲ್ಯುಮಿನಿಯಂಗೂ ಅಂಟದು, ಆದರೆ ಅದರ ಹಗುರತನವೇ ಗುಟ್ಟು ಹೇಳುತ್ತದೆ. ತಳಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಹಳದಿಯೋ ಕೆಂಪೋ ನಿಮಗೇ ಕಂಡೀತು. ಸಣ್ಣ ತಗ್ಗುಗಳಿದ್ದರೆ ಚಿಂತೆಯಿಲ್ಲ, ಬಾಯಂಚು ಸೀಳಿರಬಾರದು.

ಕಮಲಾಪುರದ ಸೋದರಿ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕಲಬುರಗಿಗೆ ಬಂದರು. ಪರಿಚಯದವರೊಬ್ಬರ ಮಾತಿನ ಮೇಲೆ ಬ್ರಹ್ಮಪುರದ ಒಂದು ಮನೆಗೆ ಹೋದೆವು. ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದ ಹಿರಿಯರು ತೀರಿಕೊಂಡು ಆರು ವರ್ಷ. ಅವರ ಪತ್ನಿ ಅಟ್ಟದಿಂದ ಗಂಟು ಇಳಿಸಿದರು. ಧೂಳು, ಹರಿದ ಪುಡಿ, ಇಲಿ ಕಡಿದ ವಾದಿ. ಸೋದರಿಯ ಮುಖ ಸಪ್ಪಗಾಯಿತು. ಟೇಪು ಹಿಡಿದೆವು, ಬಿಳಿ ಬಟ್ಟೆ ಹಾಸಿದೆವು, ಮಗುಚಿ ನೋಡಿದೆವು. ಶೀಶಂ ಕಟ್ಟಿಗೆ, ಒಂದು ಬಿರುಕಿಲ್ಲ, ಒಂದು ತೂತಿಲ್ಲ. ಡಗ್ಗಾ ಅಪ್ಪಟ ತಾಮ್ರದ್ದು, ಅದರ ಪುಡಿ ಇನ್ನೂ ಗಟ್ಟಿಯಿತ್ತು.

"ನಿಮಗ ತಿಳಿದಷ್ಟು ಕೊಡ್ರಿ" ಎಂದರು ಆ ಅಜ್ಜಿ. ಐನೂರು ಕೊಟ್ಟರೂ ಅವರು ಬೇಡ ಎನ್ನುತ್ತಿರಲಿಲ್ಲ, ಅದು ನಮಗೆ ಗೊತ್ತಿತ್ತು. ಸೋದರಿ ನನ್ನ ಮುಖ ನೋಡಲಿಲ್ಲ. 3,000 ಎಣಿಸಿ ಅಜ್ಜಿಯ ಕೈಯಲ್ಲಿಟ್ಟರು. ಹಳೆಯ ಸಾಮಾನು ಕೊಳ್ಳುವಾಗ ವ್ಯಾಪಾರಿಯೊಡನೆ ಚೌಕಾಸಿ ಮಾಡೋಣ. ದುಃಖ ಇರುವ ಮನೆಯಲ್ಲಿ ಬೇಡ, ಅಲ್ಲವೇ?

ಅಜ್ಜಿ ಹುಡುಗಿಯನ್ನು ಹತ್ತಿರ ಕರೆದರು. "ಅವರು ಹೋದ ಮ್ಯಾಲ ಯಾರೂ ಮುಟ್ಟಿಲ್ಲ ಇದನ್ನ. ನೀ ದಿನಾ ಬಾರಸ್ತಿ ಏನವ್ವಾ?" ಹುಡುಗಿ ಬಾಯಿಂದ ಉತ್ತರ ಹೇಳದೆ, ಆ ಹರಿದ ಪುಡಿಯ ಮೇಲೇ ಧಾ ಧಿನ್ ಧಿನ್ ಧಾ ಎಂದು ಬೆರಳು ಆಡಿಸಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ತಬಲಾಕ್ಕೆ ಹೊಸ ಪುಡಿ, ವಾದಿಗೆ 900 ಆಯಿತು. ಉಳಿದದ್ದು ನೂರು ರೂಪಾಯಿ. ಬಸ್ಸಿಗೆ ಹೇಗೂ ಹೆಂಗಸರಿಗೆ ಈಗ ಟಿಕೆಟ್ ಖರ್ಚಿಲ್ಲವಲ್ಲ!

ನೀವೂ ಹುಡುಕುವುದಾದರೆ ಅಂಗಡಿಗೆ ಮೊದಲು ಭಜನಾ ಮಂಡಳಿ, ಮಠ, ಸಂಗೀತ ಮೇಷ್ಟರ ಮನೆಗಳಲ್ಲಿ ವಿಚಾರಿಸಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ಒಬ್ಬರನ್ನು ಜೊತೆಗೆ ಕರೆದೊಯ್ದರೆ ಸ್ವರದ ಪರೀಕ್ಷೆ ಅವರು ಮಾಡುತ್ತಾರೆ. ತಂದ ಮೇಲೆ ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ನಮ್ಮ ಬೇಸಿಗೆಗೆ ತೊಗಲು ಬಿಗಿಯುತ್ತದೆ, ಕಟ್ಟಿಗೆ ಬಿರಿಯುತ್ತದೆ. ಮಳೆಗಾಲದ ತೇವಕ್ಕೆ ತೊಗಲು ಸಡಿಲವಾಗುತ್ತದೆ. ದಪ್ಪ ಬಟ್ಟೆಯ ಹೊದಿಕೆ ಹೊಲಿಯಿರಿ. ಎಣ್ಣೆಗೈಯಲ್ಲಿ ಮುಟ್ಟಗೊಡಬೇಡಿ, ಬಾರಿಸುವ ಮುಂಚೆ ಕೈಗೆ ಚೂರು ಪೌಡರ್ ಇರಲಿ.

ಮೊನ್ನೆ ಮತ್ತೆ ಕಾಗದ ಬಂತು, ಜೊತೆಗೆ ಒಂದು ಚಿಪ್ಪು ಕಮಲಾಪುರದ ಕೆಂಪು ಬಾಳೆಹಣ್ಣು. ಯಜಮಾನರು ಬಾಯಿಬಿಟ್ಟು ಏನೂ ಹೇಳಿಲ್ಲವಂತೆ. ಆದರೆ ಮಗಳು ಬಾರಿಸಲು ಕುಳಿತಾಗ ಟಿ.ವಿ.ಯ ಸದ್ದು ತಾವೇ ತಗ್ಗಿಸುತ್ತಾರಂತೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.

ನಿಮ್ಮ ಅಕ್ಕ