ಬಿದರಿ ಯಾರದು?

ಹೈದರಾಬಾದಿನ ಕನ್ನಡ ಸಮಾರಂಭಗಳಲ್ಲಿ ಅತಿಥಿಗಳಿಗೆ ಶಾಲು, ಹಾರಗಳೊಡನೆ ಬಿದರಿಯ ಫಲಕವನ್ನೋ ಹೂದಾನಿಯನ್ನೋ ನೀಡುವುದುಂಟು. ಅದನ್ನು ಮಾಡಿದವರು ಯಾರೆಂದು ಕೊಟ್ಟವರೂ ಕೇಳುವುದಿಲ್ಲ, ಪಡೆದವರೂ ಕೇಳುವುದಿಲ್ಲ. ಈಚೆಗೆ ಮಾದಾಪುರದ ಶಿಲ್ಪಾರಾಮದಲ್ಲಿ ಏರ್ಪಟ್ಟಿದ್ದ ಕರಕುಶಲ ಮೇಳವನ್ನು ನೋಡಿ ಬಂದ ಮೇಲೆ ಈ ಮೌನ ನನಗೆ ಸಹಜವೆನಿಸುತ್ತಿಲ್ಲ.

ಮೇಳದಲ್ಲಿ ಕೊಂಡಪಲ್ಲಿಯ ಬೊಂಬೆ, ಪೋಚಂಪಲ್ಲಿಯ ಸೀರೆ, ಚೆರಿಯಾಲದ ಚಿತ್ರಸುರುಳಿ, ಚನ್ನಪಟ್ಟಣದ ಆಟಿಕೆಗಳಿದ್ದವು. ಎಲ್ಲಕ್ಕೂ ಅವುಗಳ ಊರಿನದೇ ಹೆಸರು. ಬಿದರಿಯ ಮಳಿಗೆಯ ಮೇಲೆ ಮಾತ್ರ ‘ಹೈದರಾಬಾದ್ ಸ್ಪೆಷಲ್’ ಎಂಬ ಫಲಕ ತೂಗುತ್ತಿತ್ತು. ಬೀದರನ್ನು ತನ್ನ ಹೆಸರಿನಲ್ಲಿಯೇ ಹೊತ್ತ ಕಲೆಗೆ ಬೇರೆ ವಿಳಾಸ! ಮೂಲೆಯಲ್ಲಿ ಕುಳಿತು ಉಳಿ ಹಿಡಿದಿದ್ದ ವೃದ್ಧರನ್ನು, “ಉಸ್ತಾದರೇ, ತಮ್ಮ ಊರು?” ಎಂದು ಕೇಳಿದೆ. ತಲೆಯೆತ್ತದೆ, “ಬೀದರ್ ಅದ ಸಾಹೇಬ್ರ. ಅಂಗಡಿ ಬ್ಯಾರೇದವ್ರದು” ಎಂದರು.

ಅವರ ಕೈಯಲ್ಲಿದ್ದದ್ದು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಸಣ್ಣ ಹೂಜಿ. ಅದರಲ್ಲಿ ಸತುವೇ ಹೆಚ್ಚು, ತಾಮ್ರ ಅತ್ಯಲ್ಪ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಬಳ್ಳಿಯನ್ನು ಬರೆದು, ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂರಿಸಬೇಕು. ಉಜ್ಜಿ ನಯಗೊಳಿಸಿದಾಗ ಎಲ್ಲವೂ ಒಂದೇ ಬಣ್ಣವಾಗಿ ಚಿತ್ರವೇ ಮರೆಯಾಗುತ್ತದೆ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಮಾಡಿ ಲೇಪಿಸಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಯನ್ನು ಆ ಮಣ್ಣು ಮುಟ್ಟುವುದಿಲ್ಲ. ಇಲ್ಲಿ ಕೆತ್ತುವವರಿಗೂ ಆ ಮಣ್ಣು ಅಲ್ಲಿಂದಲೇ ಬರಬೇಕು.

ಹೈದರಾಬಾದು ನಮ್ಮ ಕಲೆಯನ್ನು ಕದ್ದಿತೆಂದು ಕೂಗುವವರ ಸಾಲಿನಲ್ಲಿ ನಾನು ನಿಲ್ಲಲಾರೆ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಈ ನಗರದ ಶ್ರೀಮಂತರ ಹುಕ್ಕಾ, ಪಾನದಾನಿಗಳಿಗಾಗಿ ದುಡಿದ ಕೈಗಳೇ ಕಸುಬನ್ನು ಉಳಿಸಿದವು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಅದನ್ನು ಕಣ್ಣಾರೆ ಕಾಣಬಹುದು. ಗಡಿರೇಖೆ ಬಂದದ್ದು ಆಮೇಲೆ. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು, ನಿಜ. ಆದರೆ ಕಡತಗಳ ನಡುವೆಯೇ ಆಯುಷ್ಯ ಕಳೆದ ನನ್ನಂಥವನಿಗೆ ನೋಂದಣಿಯ ಬಲವೂ ಗೊತ್ತು, ಮಿತಿಯೂ ಗೊತ್ತು. ಅದು ಹೆಸರನ್ನು ಕಾಯುತ್ತದೆ; ಬೆಳ್ಳಿಯ ಬೆಲೆ ಏರಿದಾಗ ಕುಶಲಕರ್ಮಿಯ ಒಲೆಯನ್ನು ಕಾಯುವುದಿಲ್ಲ.

ನನ್ನ ಆಕ್ಷೇಪ ನಮ್ಮವರ ಮೇಲೆಯೇ. ಹೊರನಾಡ ಸಂಘಗಳು ಕವಿಯನ್ನು ಕರೆಯುತ್ತವೆ, ಗಾಯಕನನ್ನು, ನಗೆಹಬ್ಬದವರನ್ನು ಕರೆಯುತ್ತವೆ. ಮೂರು ತಾಸಿನ ದಾರಿಯಲ್ಲಿರುವ ಬೀದರಿನ ಕುಶಲಕರ್ಮಿಯನ್ನು ವೇದಿಕೆಗೆ ಕರೆದದ್ದನ್ನು ನಾನಂತೂ ಕಂಡಿಲ್ಲ. ಈ ಕಸುಬಿನವರಲ್ಲಿ ಬಹಳ ಮಂದಿ ಮುಸಲ್ಮಾನರು, ಮನೆಯಲ್ಲಿ ದಖನಿ ಉರ್ದು ಆಡುವವರು. ಬಾಯಿಬಿಟ್ಟು ಹೇಳದಿದ್ದರೂ, ಅವರನ್ನು ಕನ್ನಡ ಸಂಸ್ಕೃತಿಯ ವಾರಸುದಾರರೆಂದು ಒಪ್ಪಲು ನಮ್ಮ ಮನಸ್ಸು ಅಳುಕುತ್ತಿದೆ. ಅವರ ಕೈಕೆಲಸ ಮಾತ್ರ ಕರ್ನಾಟಕದ ಹೆಮ್ಮೆಯಾಗಿ ನಮ್ಮ ಗಾಜಿನ ಕಪಾಟಿನಲ್ಲಿ ಕೂರುತ್ತದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ರಾಷ್ಟ್ರಪತಿ ಭವನದ ಬಾಗಿಲು ತೆರೆದುಕೊಂಡ ಮೇಲಾದರೂ ನಮ್ಮ ಸಭಾಂಗಣದ ಬಾಗಿಲು ತೆರೆಯಬೇಡವೇ?

ಬರುವ ರಾಜ್ಯೋತ್ಸವಕ್ಕೆ ಸ್ಮರಣಿಕೆಗಳನ್ನು ಬೀದರಿನ ಕುಶಲಕರ್ಮಿಗಳಿಂದಲೇ ನೇರವಾಗಿ ತರಿಸೋಣ. ಪ್ರತಿಯೊಂದರ ಹಿಂಬದಿಯಲ್ಲಿ ಮಾಡಿದವರ ಹೆಸರನ್ನು ಕೆತ್ತಿಸೋಣ. ಖರ್ಚು ತುಸು ಹೆಚ್ಚಾದರೆ ಹಾರಗಳನ್ನು ಕಡಿಮೆ ಮಾಡಬಹುದು. ಅವರಲ್ಲೊಬ್ಬರಿಗೆ ವೇದಿಕೆಯ ಮೇಲೆ ಅರ್ಧ ಗಂಟೆಯ ಅವಕಾಶವಿರಲಿ. ಅವರು ಕೆತ್ತಿ ತೋರಿಸಲಿ. ಮಾತನಾಡುವುದಾದರೆ ಕನ್ನಡದಲ್ಲೋ ದಖನಿಯಲ್ಲೋ, ಅವರಿಗೆ ಒಗ್ಗಿದ ಭಾಷೆಯಲ್ಲಿ ಮಾತನಾಡಲಿ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ಸಲಹೆಯನ್ನು ಲಿಖಿತವಾಗಿ ಮಂಡಿಸಲಿದ್ದೇನೆ. ಒಪ್ಪದವರು ಕಾರಣವನ್ನೂ ಲಿಖಿತವಾಗಿಯೇ ತಿಳಿಸಲಿ.