ಹೊಳಪಿನ ಕೆಳಗೆ ಕಬ್ಬಿಣ

ಖಂಡೇಪೂಜೆಯ ಹಿಂದಿನ ದಿನ ಹಾವೇರಿಯ ಯಾವ ಓಣಿಗೆ ಹೋದರೂ ನೋಟ ಒಂದೇ. ಮನೆಯ ಮುಂದೆ ನೀರಿನ ಬಕೆಟ್ಟು, ಹಳೆಯ ಅರಿವೆ, ಸೋಪಿನ ಪುಡಿ, ನಡುವೆ ಸೈಕಲ್ ಮೋಟಾರು. ಮಾರನೆಯ ದಿನ ಕುಡಗೋಲು, ಕೊಡಲಿ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಅದಕ್ಕೂ ಕುಂಕುಮ, ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ಲಿಂಬೆಹಣ್ಣು. ಅಷ್ಟರೊಳಗೆ ಗಾಡಿ ಫಳಫಳ ಹೊಳೆಯಬೇಕು. ಮನೆಯ ಕಾಲೇಜು ಹುಡುಗನಿಗೆ ಸಾಮಾನ್ಯವಾಗಿ ಈ ಕೆಲಸ ಬೀಳುತ್ತದೆ. ಟ್ಯಾಂಕು, ಮಡ್‌ಗಾರ್ಡು, ಹ್ಯಾಂಡಲ್ ಎಲ್ಲ ಅರ್ಧ ತಾಸಿನಲ್ಲಿ ಮುಗಿಯುತ್ತವೆ. ಕುತ್ತಿಗೆಗೆ ಬರುವುದು ಗಾಲಿಯ ಕೆಲಸ. ಬೆರಳು ತೂರದಷ್ಟು ಒತ್ತಾಗಿ ಹೆಣೆದ ಕಡ್ಡಿಗಳು, ಅವುಗಳ ಬುಡದಲ್ಲಿ ಕಪ್ಪು ಜಿಡ್ಡು, ಕ್ರೋಮ್ ರಿಮ್ಮಿನ ಮೇಲೆ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆ.

ಆಗ ಹುಡುಗನಿಗೆ ಒಂದು ಉಪಾಯ ಹೊಳೆಯುತ್ತದೆ. ಬಚ್ಚಲ ಮೂಲೆಯಲ್ಲಿ ಪಾಯಖಾನೆ ತೊಳೆಯುವ ಆಸಿಡ್ ಬಾಟಲಿ ಇದೆ.

"ಅದ್ಯಾಕ ತಂದ್ಯೋ ತಮ್ಮಾ?" ಎಂದು ಅವ್ವ ಕೇಳಿದರೆ ಅವನ ಉತ್ತರ ಸಿದ್ಧ: "ನೀ ತಾಮ್ರದ ಕೊಡ ಹುಣಸಿಹಣ್ಣು ಹಚ್ಚಿ ಬೆಳಗಂಗಿಲ್ಲೇನ್ಬೇ? ಅದೂ ಆಸಿಡ್ಡ, ಇದೂ ಆಸಿಡ್ಡ."

ತರ್ಕ ಪೂರ್ತಿ ತಪ್ಪೆಂದು ತಳ್ಳಿಹಾಕುವಂತಿಲ್ಲ. ಅರ್ಧ ಸರಿ ಇದೆ. ಉಳಿದರ್ಧ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಲೋಹಗಳ ಕ್ರಿಯಾಶೀಲತೆಯ ಸರಣಿ ಎಂಬ ಪಟ್ಟಿಯಲ್ಲಿದೆ. ಕೊಡದ ಮೇಲೆ ಕಟ್ಟಿದ ಕಪ್ಪು ತಾಮ್ರದ ಆಕ್ಸೈಡ್. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ. ಅದರ ಕೆಳಗಿನ ಅಪ್ಪಟ ತಾಮ್ರಕ್ಕೆ ಮಾತ್ರ ಏನೂ ಆಗುವುದಿಲ್ಲ. ಆ ಸರಣಿಯಲ್ಲಿ ತಾಮ್ರದ ಸ್ಥಾನ ಹೈಡ್ರೋಜನ್‌ಗಿಂತ ಕೆಳಗೆ; ಆಮ್ಲದೊಳಗಿನ ಹೈಡ್ರೋಜನ್ನನ್ನು ಹೊರಗೆ ಅಟ್ಟುವ ಶಕ್ತಿ ಅದಕ್ಕಿಲ್ಲ. ಕೊಡ ಬದುಕುವುದು ಇದರಿಂದಲೇ. ಕ್ರೋಮಿಯಂ, ಸತು, ಕಬ್ಬಿಣ ಮೂರೂ ಹೈಡ್ರೋಜನ್‌ಗಿಂತ ಮೇಲಿವೆ. ಪಾಯಖಾನೆಯ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ತುಕ್ಕನ್ನು ಕರಗಿಸುತ್ತದೆ, ತುಕ್ಕಿನ ಸುತ್ತಲಿನ ಕ್ರೋಮನ್ನೂ ಕರಗಿಸುತ್ತದೆ, ಕಡ್ಡಿಗೆ ಬಳಿದ ಸತುವನ್ನು ನೊರೆ ಎಬ್ಬಿಸಿ ತಿನ್ನುತ್ತದೆ. ಪೂಜೆಯ ದಿನ ಗಾಲಿ ಬೆಳ್ಳಿಯಂತೆ ಕಂಡೀತು. ದೀಪಾವಳಿಯ ಹೊತ್ತಿಗೆ ಅದೇ ಗಾಲಿ ಕೆಮ್ಮಣ್ಣು ಬಳಿದಂತೆ ಆಗಿರುತ್ತದೆ.

ಕ್ರೋಮ್ ರಿಮ್ ಎಂದ ಕೂಡಲೇ ಇಡೀ ರಿಮ್ಮು ಕ್ರೋಮಿಯಂನದು ಎಂದು ಬಹಳ ಮಂದಿ ತಿಳಿಯುತ್ತಾರೆ. ಒಳಗಿರುವುದು ಉಕ್ಕು. ಅದರ ಮೇಲೆ ವಿದ್ಯುತ್ತಿನ ಸಹಾಯದಿಂದ ಕೂಡಿಸಿದ ನಿಕ್ಕಲ್ ಲೇಪ. ಅದರ ಮೇಲೆ ಕ್ರೋಮಿಯಂ. ಈ ಮೇಲಿನ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನಿನ ಆಚೀಚೆ, ಎಂದರೆ ಮಿಲಿಮೀಟರಿನ 2000ನೆಯ ಒಂದು ಪಾಲು. ತಲೆಗೂದಲಿನ ದಪ್ಪದ 100ನೆಯ ಒಂದು ಪಾಲೂ ಇಲ್ಲ. ಕೆಳಗಿನ ನಿಕ್ಕಲ್ ಇದಕ್ಕಿಂತ ಹತ್ತಾರು ಪಟ್ಟು ದಪ್ಪ. ನೆಲದ ಗಚ್ಚಿನಂತೆ ಕೆಲಸ ಮಾಡುವುದು ನಿಕ್ಕಲ್. ಕ್ರೋಮಿಯಂ ಅದರ ಮೇಲಿನ ಗಾಜು. ಹೆಸರು ಮಾತ್ರ ಕ್ರೋಮಿನದು.

ಫ್ರಾನ್ಸಿನ ರಸಾಯನವಿಜ್ಞಾನಿ ವೋಕ್ಲ್ಯಾಂ 1797ರಲ್ಲಿ ಸೈಬೀರಿಯಾದ ಕೆಂಪು ಖನಿಜವೊಂದರಲ್ಲಿ ಈ ಲೋಹವನ್ನು ಪತ್ತೆ ಹಚ್ಚಿದ. ಇದರ ಸಂಯುಕ್ತಗಳು ಹಲವು ಬಣ್ಣ ತಳೆಯುವುದರಿಂದ, ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟರು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಅದರೊಳಗಿನ ಚೂರು ಕ್ರೋಮಿಯಂ ಕಾರಣ. (ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗಲ್ಲ. ಅದು ಕ್ಯಾಪ್ಸಾಂಥಿನ್ ಮೊದಲಾದ ಸಸ್ಯವರ್ಣಗಳ ಕೆಲಸ.) ಕ್ರೋಮ್ ಲೇಪನ ಕಾರ್ಖಾನೆಗಳಲ್ಲಿ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ನಮ್ಮ ರಾಜ್ಯದ ರಸ್ತೆಗಳಲ್ಲಿ ಆ ಹೊಳಪನ್ನು ಮನೆಮಾತಾಗಿಸಿದ ಗಾಡಿಗಳಲ್ಲಿ ಮೈಸೂರಿನದು ಮುಖ್ಯ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನೂ 1970ರ ದಶಕದಿಂದ ಯೆಜ್ಡಿಗಳನ್ನೂ ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋದರೂ ಗಾಡಿಗಳು ಹೋಗಲಿಲ್ಲ. ಅಪ್ಪನ ಯೆಜ್ಡಿ, ಕಾಕಾನ ಬುಲೆಟ್ಟು ಈಗಲೂ ಅಂಗಳದಲ್ಲಿ ನಿಂತಿರುವ ಮನೆಗಳಿವೆ. ಅವುಗಳ ಮೂಲ ರಿಮ್ ಒಮ್ಮೆ ಹಾಳಾದರೆ ಅಂಥದೇ ಇನ್ನೊಂದು ಸಿಗುವುದು ಸುಲಭವಲ್ಲ.

ಅಷ್ಟು ತೆಳು ಪದರ ತುಕ್ಕನ್ನು ತಡೆಯುವುದಾದರೂ ಹೇಗೆ? ಗಾಳಿ ಸೋಕಿದ ಕೂಡಲೇ ಕ್ರೋಮಿಯಂ ತನ್ನ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದಲ್ಲಿ ಪೊರೆ ಮತ್ತೆ ಕಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಜಂಗು ಹಿಡಿಯದಿರುವ ಗುಟ್ಟೂ ಇದೇ. ಆದರೆ ಲೇಪದಲ್ಲಿ ಸೂಕ್ಷ್ಮ ಬಿರುಕುಗಳು ಇದ್ದೇ ಇರುತ್ತವೆ. ಅವುಗಳ ಮೂಲಕ ನೀರು ನಿಧಾನವಾಗಿ ಕೆಳಗಿಳಿದು ಉಕ್ಕನ್ನು ಮುಟ್ಟಿದರೆ ಕಥೆ ಬದಲಾಗುತ್ತದೆ. ನಿಕ್ಕಲ್ ಮತ್ತು ಕಬ್ಬಿಣ ಒದ್ದೆಯಲ್ಲಿ ಜೊತೆಯಾದಾಗ ಸವೆಯುವುದು ಕಬ್ಬಿಣ. ಚುಕ್ಕೆ ಹೊರಗೆ ಸಾಸಿವೆಯಷ್ಟು, ಒಳಗೆ ತೂತು.

ಸತು ಬಳಿದ ಬಕೆಟ್ಟಿನಲ್ಲಿ ಇದು ತಿರುಗುಮುರುಗು. ಸತು ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲ. ಗೀರು ಬಿದ್ದರೂ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಹೊಳಪಿಲ್ಲದ ಸತು ಮನೆಯವರಿಗಾಗಿ ಜೀವ ಕೊಡುವ ಜಾತಿ. ಕ್ರೋಮ್ ಚೆಂದದ ಹೊದಿಕೆ, ಹರಿಯುವ ತನಕ ಮಾತ್ರ. ಆದ್ದರಿಂದ ಕ್ರೋಮ್ ಗಾಲಿಯ ಆರೈಕೆ ಎಂದರೆ ಹೊಳಪು ತರಿಸುವುದಕ್ಕಿಂತ ಹೆಚ್ಚಾಗಿ ಹೊದಿಕೆ ಹರಿಯದಂತೆ ನೋಡಿಕೊಳ್ಳುವುದು. ಉಸುಕು, ಇಟ್ಟಂಗಿ ಪುಡಿ, ಪಾಲಿಷ್ ಪೇಪರು ಇವೆಲ್ಲ ಈ ಕೆಲಸಕ್ಕೆ ಬೇಡ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಇನ್ನೂ ಕೆಟ್ಟದ್ದು. ಗೀರುವುದು ಸಾಲದೆಂಬಂತೆ ತನ್ನ ಚೂರುಗಳನ್ನು ಕಡ್ಡಿಗಳ ಸಂದಿಯಲ್ಲಿ ಬಿಟ್ಟು ಹೋಗುತ್ತದೆ, ಆ ಚೂರುಗಳೇ ಮೊದಲು ಜಂಗು ಹಿಡಿಯುತ್ತವೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಗಾಲಿಗೆ ಬೇರೆಡೆಗಿಂತ ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಮಣ್ಣೇ ಅಂಥದ್ದು. ಹೆದ್ದಾರಿಯಿಂದ ಕೆಳಗಿಳಿದು ಹೊಲದ ದಾರಿ ಹಿಡಿದರೆ ಒಂದು ಕಡೆ ಮಸಾರಿ, ಇನ್ನೊಂದು ಕಡೆ ಎರಿ. ಮಳೆಗಾಲದಲ್ಲಿ ಎರಿಮಣ್ಣು ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮೆತ್ತಿಕೊಂಡು ಗಾಡಿಯನ್ನು ನಿಲ್ಲಿಸಿಬಿಡುವುದು ಇಲ್ಲಿನವರಿಗೆ ಹೊಸದಲ್ಲ. ಈ ಮಣ್ಣಿನ ಜೇಡಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತು ನಾಲ್ಕು ದಿನವಾದರೂ ಕಡ್ಡಿಯ ಬುಡದಲ್ಲಿ ಒದ್ದೆ ಉಳಿದಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಒಣಗಿದ ಎರಿಯನ್ನು ಕೆರೆದು ತೆಗೆಯಲು ಹೋಗಬಾರದು. ಅದರಲ್ಲಿ ಹರಳಿರುತ್ತದೆ. ಮೊದಲು ನೀರು ಸುರಿದು ಕಾಲು ತಾಸು ನೆನೆಯಬಿಡಬೇಕು. ತಾನಾಗಿ ಕಳಚಿ ಬೀಳುತ್ತದೆ.

ಆಮೇಲಿನದು ಸರಳ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಅರಿವೆ, ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಚೈನಿನ ಕಡೆಯಿಂದ ಸಿಡಿದ ಜಿಡ್ಡಿಗೆ ಸೀಮೆಎಣ್ಣೆ ಒಳ್ಳೆಯದು. ಈಗ ಅದು ಸಿಗುವುದೇ ಅಪರೂಪವಾದ್ದರಿಂದ ಡೀಸೆಲ್ಲಿನಲ್ಲಿ ಅದ್ದಿ ಹಿಂಡಿದ ಅರಿವೆ ಸಾಕು. ಸುರಿಯಬಾರದು, ಟೈರಿಗೆ ತಾಗಿಸಬಾರದು. ಇಷ್ಟಾದರೂ ಉಳಿಯುವ ತುಕ್ಕಿನ ಚುಕ್ಕೆಗೆ ಒಂದು ಅಡುಗೆಮನೆಯ ಮದ್ದು ಇದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ತುಂಡನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಹಗುರವಾಗಿ ತಿಕ್ಕುವುದು. ಅಲ್ಯೂಮಿನಿಯಂ ಕ್ರೋಮಿಗಿಂತ ಬಹಳ ಮೆದು. ಗೀರುವುದಿಲ್ಲ, ಮೇಲೆ ಕುಳಿತ ತುಕ್ಕನ್ನು ಮಾತ್ರ ಎತ್ತುತ್ತದೆ. ಬಣ್ಣ ಬಳಿದ ಭಾಗಕ್ಕೆ, ಸತು ಬಳಿದ ಮಾಸಲು ಕಡ್ಡಿಗೆ ಇದನ್ನು ಮುಟ್ಟಿಸಬಾರದು. ತಿಕ್ಕಿದ ಮೇಲೆ ತೊಳೆದು, ಒಣ ಅರಿವೆಯಿಂದ ನೀರಿನ ಪಸೆಯೂ ಉಳಿಯದಂತೆ ಒರೆಸಿ, ರಿಮ್ಮಿಗೆ ತೆಳ್ಳಗೆ ಮೇಣದ ಪಾಲಿಷ್ ಹಚ್ಚಿದರೆ ಬಿರುಕುಗಳ ಬಾಯಿ ಕೆಲವು ವಾರ ಮುಚ್ಚಿರುತ್ತದೆ. ಲೇಪ ಸುಲಿದು ಎದ್ದು ಬಂದಿದ್ದರೆ ಮಾತ್ರ ಯಾವ ಮನೆಮದ್ದೂ ನಾಟುವುದಿಲ್ಲ. ಹೊಸ ಲೇಪನವೇ ಆಗಬೇಕು. ಲೇಪನದ ತೊಟ್ಟಿಯಲ್ಲಿ ಬಹುಕಾಲದಿಂದ ಬಳಸುತ್ತ ಬಂದಿರುವ ಷಟ್ಸಂಯೋಗಿ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಸಣ್ಣ ಅಂಗಡಿಗಳಲ್ಲಿ ಅದರ ಆವಿ ಕುಡಿಯುವವನು ಅಲ್ಲಿ ದುಡಿಯುವ ಹುಡುಗ. ಇದ್ದ ಲೇಪವನ್ನು ಕಾಪಾಡಿಕೊಳ್ಳುವುದರಲ್ಲಿ ಅವನ ಪಾಲೂ ಇದೆ.

ಇನ್ನು ಕಡ್ಡಿಗಳು. ಎತ್ತಿನ ಬಂಡಿಯ ಗಾಲಿಯಲ್ಲಿ ಅರ ಎಂದರೆ ಕಂಬ. ಭಾರ ಮೇಲಿನಿಂದ ಒತ್ತುತ್ತದೆ, ಕೆಳಗಿನ ಅರ ಹೊರುತ್ತದೆ. ಅದಕ್ಕೇ ಅದು ತೋಳಿನಷ್ಟು ದಪ್ಪ. ಸೈಕಲ್ ಮೋಟಾರಿನ ಕಡ್ಡಿಯನ್ನು ಹಾಗೆ ಒತ್ತಿದರೆ ಬಳುಕಿಬಿಡುತ್ತದೆ. ಎಳೆದರೆ ಮಾತ್ರ ಅದರ ಶಕ್ತಿ ಗೊತ್ತಾಗುವುದು. ಆದ್ದರಿಂದ ಸಾಮಾನ್ಯವಾಗಿ 36 ಅಥವಾ 40 ಕಡ್ಡಿಗಳನ್ನು ಎಲ್ಲ ದಿಕ್ಕಿನಿಂದ ಬಿಗಿದು, ಹಬ್ಬನ್ನು ರಿಮ್ಮಿನ ನಡುವೆ ಎಳೆದು ಕಟ್ಟಿರುತ್ತಾರೆ, ಮಗ್ಗದ ನೂಲಿನಂತೆ. ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲಿ ವಿಮಾನದ ಕನಸು ಕಾಣುತ್ತ, ಅದಕ್ಕೆ ಹಗುರ ಗಾಲಿ ಬೇಕೆಂದು ಈ ವಿಚಾರ ಮಾಡಿದ. ಕಡ್ಡಿಗಳನ್ನು ನೇರ ನಡುವಿಗೆ ತರದೆ ಓರೆಯಾಗಿ ಹೆಣೆಯುವ ಕ್ರಮವನ್ನು 1874ರಲ್ಲಿ ಜೇಮ್ಸ್ ಸ್ಟಾರ್ಲಿ ಸೈಕಲ್ಲಿಗೆ ತಂದ. ಹಬ್ಬು ತಿರುಚಿದ ಬಲ ಹಾಗೆ ಓರೆ ಇದ್ದರೇ ರಿಮ್ಮಿಗೆ ಚೆನ್ನಾಗಿ ಮುಟ್ಟುತ್ತದೆ.

ಒಂದು ಕಡ್ಡಿ ಸಡಿಲಾದರೆ ಅದರ ಪಾಲಿನ ಎಳೆತ ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ, ಅವೂ ಬೇಗ ದಣಿಯುತ್ತವೆ. ಓಡಿಸುವಾಗ ಇದು ತಿಳಿಯುವುದಿಲ್ಲ. ತಿಳಿಯುವುದು ಒಂದೊಂದೇ ಕಡ್ಡಿಯನ್ನು ಅರಿವೆಯಲ್ಲಿ ಹಿಡಿದು ಮೇಲಿನಿಂದ ಕೆಳಗೆ ಒರೆಸುವವನಿಗೆ. ಒಣಗಿದ ಮೇಲೆ ಸ್ಪ್ಯಾನರಿನ ತುದಿಯಿಂದ ಪ್ರತಿ ಕಡ್ಡಿಗೂ ಮೆಲ್ಲಗೆ ತಟ್ಟಬೇಕು. ಬಿಗಿಯಿದ್ದದ್ದು ತಂತಿಯಂತೆ ಟಿಣ್ ಎನ್ನುತ್ತದೆ, ಸಡಿಲಿದ್ದದ್ದು ಮಂಕಾಗಿ ಟಕ್ ಎನ್ನುತ್ತದೆ. ಗಾಲಿಯನ್ನು ಕೈಯಿಂದ ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣದ ತುಂಡೊಂದನ್ನು ಅಲುಗಾಡದಂತೆ ಹಿಡಿದರೆ ಓರೆ ಇದ್ದಲ್ಲಿ ಗೆರೆ ಬೀಳುತ್ತದೆ. ಇಷ್ಟು ಪತ್ತೆ ಹಚ್ಚುವುದು ಮನೆಯ ಕೆಲಸ, ಬಿಗಿಮಾಡುವುದು ಗ್ಯಾರೇಜಿನ ಕೆಲಸ. ಒಂದು ಕಡ್ಡಿಯನ್ನು ತನ್ನ ಮನಸ್ಸಿಗೆ ಬಂದಷ್ಟು ತಿರುವಿದರೆ ರಿಮ್ಮು ಬೆಂಡಾಗುತ್ತದೆ, ಇಲ್ಲವೇ ತುದಿ ಒಳಗೆ ಚಾಚಿ ಟ್ಯೂಬಿಗೆ ಚುಚ್ಚುತ್ತದೆ.

ತಂದೆತಾಯಿಗಳು ಗಟ್ಟಿಯಾಗಿ ಗದರಿಸಬೇಕಾದ ಜಾಗ ಒಂದಿದೆ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ, ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿದರೆ ಹಿಂದಿನ ಗಾಲಿ ತಾನೇ ತಿರುಗುತ್ತದೆ. ಅರಿವೆ ಹಿಡಿದರೆ ಸಾಕು, ಒಂದು ನಿಮಿಷದಲ್ಲಿ ಚೈನು, ರಿಮ್ಮು ಎರಡೂ ಸ್ವಚ್ಛ. ಈ ಚುರುಕುತನ ಬಹಳ ಹುಡುಗರ ಬೆರಳು ಕಳೆದಿದೆ. ಅರಿವೆಯ ಒಂದು ಎಳೆ ಕಡ್ಡಿಗೋ ಚೈನಿಗೋ ಸಿಕ್ಕರೆ ಅದು ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಹಲ್ಲುಚಕ್ರಕ್ಕೂ ಚೈನಿಗೂ ನಡುವೆ ಸಿಕ್ಕ ಬೆರಳನ್ನು ಬಿಡಿಸಿಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಎಂಜಿನ್ ಬಂದ್ ಇರಬೇಕು, ಕೀಲಿ ಕಿಸೆಯಲ್ಲಿರಬೇಕು, ಗಾಲಿ ಕೈಯಿಂದಲೇ ತಿರುಗಬೇಕು, ಅದೂ ಅರಿವೆ ತೆಗೆದ ಮೇಲೆ. ಪಕ್ಕದಲ್ಲಿ ಆಡುವ ಸಣ್ಣ ಮಕ್ಕಳನ್ನು ಆ ಹೊತ್ತಿಗೆ ಒಳಗೆ ಕಳಿಸುವುದು ಲೇಸು.

ಒರೆಸಲು ಅಡ್ಡ ಬರುತ್ತದೆಂದು ಹಿಂದಿನ ಗಾಲಿಯ ಸೀರೆ ಗಾರ್ಡನ್ನು ಬಿಚ್ಚಿಟ್ಟು, ಗಾಡಿ ಅದಿಲ್ಲದೆಯೇ ಚೆಂದ ಕಾಣುತ್ತದೆಂದು ಮರಳಿ ಹಾಕದವರೂ ಇದ್ದಾರೆ. ಹಿಂದೆ ಕುಳಿತವರ ಬಟ್ಟೆ ಸಿಕ್ಕದಂತೆ ಹಿಂಗಾಲಿಯ ಅರ್ಧದಷ್ಟಾದರೂ ಮರೆಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸೆರಗು, ದುಪಟ್ಟಾ, ನಡುವೆ ಕೂತ ಮಗುವಿನ ಹಿಮ್ಮಡಿ, ಕಡ್ಡಿಗೆ ಎಲ್ಲವೂ ಒಂದೇ.

ಕೊನೆಗೆ ಬ್ರೇಕು. ಒತ್ತಡದ ನೀರು ಹೊಡೆದರೆ ಅದು ಹಬ್ಬಿನ ಬೇರಿಂಗಿಗೂ ಬ್ರೇಕಿನ ಡ್ರಮ್ಮಿಗೂ ಇಳಿಯುತ್ತದೆ. ಅದಕ್ಕೇ ಗಾಲಿಗೆ ಬಕೆಟ್ಟು ಮತ್ತು ಚೊಂಬು ಮೇಲು. ತೊಳೆದ ಕೂಡಲೇ ಪೇಟೆಗೆ ಹೊರಡದೆ, ಓಣಿಯಲ್ಲಿಯೇ ಎರಡು ಸುತ್ತು ನಿಧಾನ ಹೋಗಿ, ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಿಕೊಳ್ಳಬೇಕು.

ಆಸಿಡ್ ಬಾಟಲಿಯನ್ನು ಅವ್ವ ಮರಳಿ ಬಚ್ಚಲಿಗೆ ಇಟ್ಟಿದ್ದಾಳೆ. ಹುಡುಗ ಹಿಂಗಾಲಿಯ ಕಡ್ಡಿಗಳನ್ನು ತಟ್ಟುತ್ತ ಬರುವಾಗ ಚೈನಿನ ಕಡೆಯ ಎರಡು ಟಕ್ ಎಂದಿವೆ. ಹಬ್ಬದ ಮುನ್ನಾದಿನ ಗ್ಯಾರೇಜಿನ ಮುಂದೆ ಸಾಲು ಇದ್ದೇ ಇರುತ್ತದೆ. ಅಪ್ಪ, ಮಗ ಇಬ್ಬರೂ ಗಾಡಿಯನ್ನು ತಳ್ಳಿಕೊಂಡು ಹೋಗಿ, ಗಾಲಿ ಬಿಚ್ಚಿಸಿ, ಕಡ್ಡಿ ಬಿಗಿಸಿಕೊಂಡು ಬರುವಷ್ಟರಲ್ಲಿ ಓಣಿಯ ದೀಪ ಹತ್ತಿರುತ್ತವೆ. ಗ್ಯಾರೇಜಿನವನ ಕೈಯ ಜಿಡ್ಡು ರಿಮ್ಮಿಗೆ ತಾಗಿರುವುದರಿಂದ ಒಮ್ಮೆ ಮತ್ತೆ ಒರೆಸಬೇಕು.